ವಾಲಗದವರ ಹೆಸರು ಕೇಳಿದ್ದೀರಾ?

ಮೊನ್ನೆ ಶಿವನಸಮುದ್ರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಧಾರೆ ಮುಗಿದದ್ದೇ ತಡ, ಜನ ಊಟಕ್ಕೆ ನುಗ್ಗಿದರು. ವಾಲಗದ ಹಿರಿಯರೊಬ್ಬರು ಮಾತ್ರ ಖಾಲಿ ಕುರ್ಚಿಗಳ ಎದುರು ಸ್ಯಾಕ್ಸೋಫೋನ್ ಊದುತ್ತಲೇ ಇದ್ದರು.

ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯವಿದು. ಅಮೆರಿಕದಲ್ಲಿ ಜಾಝ್ ಸಂಗೀತದ ಜೀವವಾಯಿತು. ನಮ್ಮ ಕಡೆ ಇದಕ್ಕೆ ಮರ್ಯಾದೆ ತಂದವರು ಕದ್ರಿ ಗೋಪಾಲನಾಥ್. ನಾಗಸ್ವರ ನುಡಿಸುವವರ ಮಗ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ವರ್ಷಗಟ್ಟಲೆ ಅಭ್ಯಾಸ ಮಾಡಿ ಅದರಲ್ಲಿ ಕರ್ನಾಟಕ ಸಂಗೀತದ ಗಮಕ ಹೊರಡಿಸಿದರು. 1980ರಲ್ಲಿ ಮುಂಬೈಯ ಜಾಝ್ ಯಾತ್ರಾ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ಜೊತೆಗೂಡಿ ನುಡಿಸೋಣವೇ ಎಂದು ತಾವೇ ಕೇಳಿದರು. ಇಬ್ಬರೂ ನುಡಿಸಿದರು, ಸಭೆ ಮೆಚ್ಚಿತು. 1994ರಲ್ಲಿ ಕದ್ರಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. 2004ರಲ್ಲಿ ಪದ್ಮಶ್ರೀ ಬಂತು.

ಅದೇ ವಾದ್ಯ ನಮ್ಮೂರಲ್ಲಿ ಯಾರು ನುಡಿಸುತ್ತಾರೆ? ವರದಿ ಮಾಡುವ ನಮಗೇ ಗೊತ್ತಿಲ್ಲ. ವೇದಿಕೆ ಮೇಲಿದ್ದವರ ಹೆಸರನ್ನೆಲ್ಲ ಸಾಲಾಗಿ ಬರೆಯುತ್ತೇವೆ. ಊದಿದವರು 'ಮಂಗಳವಾದ್ಯದೊಂದಿಗೆ' ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತಾರೆ.

ಅವತ್ತು ಹತ್ತಿರ ಹೋಗಿ ಹೆಸರು ಕೇಳಿದೆವು. "ಮೂವತ್ತು ವರ್ಷದಿಂದ ಊದ್ತಾ ಇವ್ನಿ ಸಾ, ಯಾವ ಪೇಪರ್ನೋರೂ ಕೇಳಿರ್ಲಿಲ್ಲ" ಎಂದರು.

ಇಲ್ಲೇ ಹಾಕಲಾ ಎಂದರೆ ಒಪ್ಪಲಿಲ್ಲ. "ಮೊಬೈಲ್ನಲ್ಲಿ ಬ್ಯಾಡ ಸಾ, ಪೇಪರ್ನಲ್ಲಿ ಬರ್ಲಿ. ಕತ್ತರಿಸಿ ಮಡಿಕೊತೀನಿ."

ಹೆಸರು ಕಳಿಸಿದ್ದೇವೆ. ಅಚ್ಚಾಗುವವರೆಗೆ ಬಿಡುವುದಿಲ್ಲ. ನಿಮ್ಮೂರ ವಾಲಗದವರ ಹೆಸರನ್ನು ನೀವೂ ಒಮ್ಮೆ ಕೇಳಿ.