ಧಾರೆಯ ಚಿತ್ರ ಮತ್ತು ಎರಡು ಲೆನ್ಸು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಪತ್ರ ಬರೆದಿದ್ದಾಳೆ. ಗೆಳತಿಯ ಮದುವೆಯಲ್ಲಿ ಛಾಯಾಗ್ರಹಣದ ಹೊಣೆ ಅವಳ ಪಾಲಿಗೆ ಬಂದಿದೆಯಂತೆ. "ಸರ್, ಯಾವ ಲೆನ್ಸು ಕೊಳ್ಳಲಿ?" ಎಂದು ಕೇಳಿದ್ದಾಳೆ. ಗಣಿತದ ಮೇಷ್ಟರನ್ನು ಹೀಗೆ ಕೇಳುವುದಕ್ಕೆ ಕಾರಣ, 2012ರಲ್ಲಿ ನಾನು ಮಾಡಿದ ಒಂದು ಸಾಹಸ.

ಆ ವರ್ಷ ತಂಗಿಯ ಮಗಳ ಮದುವೆ. ತಂಗಿಯ ಯಜಮಾನರ ಕಾಯಿಲೆ ಉಲ್ಬಣಿಸಿದ್ದರಿಂದ ಮೂರು ವಾರದೊಳಗೆ ಮುಹೂರ್ತ ಇಟ್ಟುಕೊಳ್ಳಬೇಕಾಯಿತು. ಲಗ್ನದ ಕಾಲ, ಊರಿನ ಛಾಯಾಗ್ರಾಹಕರಾರಿಗೂ ಬಿಡುವಿರಲಿಲ್ಲ. ನಿವೃತ್ತಿಯ ಹಣದಲ್ಲಿ ನಿಕಾನ್ ಡಿ3100 ಕೊಂಡು ನಾನು ಹಕ್ಕಿಗಳ ಬೆನ್ನು ಹತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ತಂಗಿ ಹೇಳಿದಳು: "ಅಣ್ಣಾ, ದೊಡ್ಡ ಆಲ್ಬಮ್ ಏನೂ ಬೇಡ. ಇವರು ಧಾರೆ ಎರೆಯೋದು ಒಂದು ಚೆನ್ನಾಗಿ ಬಂದರೆ ಸಾಕು."

ಕ್ಯಾಮೆರಾದೊಡನೆ ಬಂದಿದ್ದ 18-55 ಮಿಲಿಮೀಟರ್ ಲೆನ್ಸು ಹಿತ್ತಲಿನ ಬಿಸಿಲಿಗೆ ಸಾಕಾಗಿತ್ತು. ಛತ್ರದ ಮಬ್ಬಿಗೆ ಸಾಲದು. 55ರಲ್ಲಿ ಅದರ ಕಿಂಡಿ ಎಫ್ 5.6ಕ್ಕಿಂತ ಹೆಚ್ಚು ತೆರೆಯದು. 50 ಮಿಲಿಮೀಟರಿನ ಇನ್ನೊಂದು ಲೆನ್ಸು ಎಫ್ 1.8ರವರೆಗೆ ತೆರೆಯುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿರಿ (ಹಿಂದಿನ ಬೆಂಚಿನವರೂ ಸಹ): ಸುಮಾರು 9.7. ಅಷ್ಟು ಪಟ್ಟು ಬೆಳಕು! ಸೆಕೆಂಡಿನ 20ನೆಯ ಒಂದು ಭಾಗ ಬೇಕಾದಲ್ಲಿ ಹೆಚ್ಚುಕಡಿಮೆ 200ನೆಯ ಒಂದು ಭಾಗ ಸಾಕು. ಆಡುವ ಕೈ ಮಸುಕಾಗದು.

ಅಂಗಡಿಯಲ್ಲಿ ಹಳೆಯ 'ಡಿ' ಮಾದರಿಯದು ಅಗ್ಗವಾಗಿ ಸಿಗುತ್ತಿತ್ತು. ಹಣ ಎಣಿಸತೊಡಗಿದ್ದೆ. ಅಲ್ಲಿದ್ದ ಹುಡುಗನೇ ತಡೆದ. ಡಿ3100ರ ಒಡಲಲ್ಲಿ ಫೋಕಸ್ ಮಾಡುವ ಮೋಟಾರಿಲ್ಲ. ಮೋಟಾರನ್ನು ತನ್ನೊಳಗೇ ಹೊಂದಿದ ಎಎಫ್-ಎಸ್ ಲೆನ್ಸೇ ಆಗಬೇಕು, ಇಲ್ಲವಾದರೆ ಮುಹೂರ್ತದಲ್ಲಿ ಕೈಯಿಂದ ತಿರುಗಿಸುತ್ತ ನಿಲ್ಲಬೇಕು ಎಂದ. ಆ ಹುಡುಗನಿಗೆ ಒಳ್ಳೆಯದಾಗಲಿ.

ಬೆಳಕಿನ ಲೆಕ್ಕ ಸರಿಯಾಗಿಯೇ ಇತ್ತು. ನಾನು ಮರೆತದ್ದು ದೂರದ ಲೆಕ್ಕವನ್ನು. ಮನೆಯಂಗಳದಲ್ಲಿ ಅಭ್ಯಾಸ ಮಾಡಿದಾಗ ಹಿಂದೆ ಸರಿಯಲು ಜಾಗವಿತ್ತು. ಮಂಟಪದಲ್ಲಿ ನನ್ನ ಬೆನ್ನಿಗೆ ಕಂಬ, ಅಕ್ಕಪಕ್ಕದಲ್ಲಿ ನೆಂಟರ ಗೋಡೆ, ಎದುರಿಗೆ ಆರಡಿ ದೂರದಲ್ಲಿ ಧಾರೆ. ಈ ಬಗೆಯ ಕ್ಯಾಮೆರಾದ ಸಣ್ಣ ಸೆನ್ಸರಿನ ಮೇಲೆ 50 ಎಂಬುದು 75ರಂತೆ ವರ್ತಿಸುತ್ತದೆ. ಆರಡಿಯಿಂದ ಅದಕ್ಕೆ ಕಾಣುವುದು ಮೂರಡಿಗೂ ಕಡಿಮೆ ಅಗಲ. 18ರಲ್ಲಾದರೆ ಏಳೂಮುಕ್ಕಾಲು ಅಡಿ. ಕೈಗಳನ್ನು ಹಿಡಿದರೆ ಮುಖವಿಲ್ಲ, ಮುಖವನ್ನು ಹಿಡಿದರೆ ಕೈಗಳಿಲ್ಲ. ಚಿಕ್ಕ ಲೆನ್ಸು ಚೀಲದಲ್ಲಿತ್ತು, ಚೀಲ ಕೋಣೆಯಲ್ಲಿತ್ತು, ಕೋಣೆಯ ಬೀಗದ ಕೈ ನನ್ನಾಕೆಯ ಸೊಂಟದಲ್ಲಿತ್ತು. ಕೈಗಳದೊಂದು ತೆಗೆದೆ, ಮುಖದ್ದೊಂದು ತೆಗೆದೆ. ಅಷ್ಟರಲ್ಲಿ ಅವರ ಕೈ ನಡುಗಿತೆಂದು ಯಾರೋ ತಂಬಿಗೆಯನ್ನು ಇಸಿದುಕೊಂಡರು.

ಆದ್ದರಿಂದ ತಾಯಿ, ನಿನಗೆ ಹೇಳುವುದಿಷ್ಟು. ಧಾರೆಗೂ ಮಾಂಗಲ್ಯಧಾರಣೆಗೂ ಇರುವ 18-55ನ್ನೇ ಹಾಕಿಕೋ. 18ರಲ್ಲಿ ಅದು ಎಫ್ 3.5ರವರೆಗೆ ತೆರೆಯುತ್ತದೆ, ಐಎಸ್ಒ 1600ಕ್ಕೆ ಏರಿಸಿದರೆ ಕೊಂಚ ಕಾಳುಕಾಳಾದೀತು, ಆಗಲಿ. 50ನ್ನು ಮುಖಗಳಿಗೆ ಇಟ್ಟುಕೋ. 1.8ರಲ್ಲಿ ಐದಡಿಯಿಂದ ತೆಗೆದರೆ ಸ್ಪಷ್ಟವಾಗುವ ಆಳ ನಾಲ್ಕು ಬೆರಳಿನಷ್ಟೇ. ವಧುವಿನ ಕಣ್ಣು ಸೊಗಸಾಗಿ ಬಂದು ವರನ ಮೂಗು ಮಂಜಾಗುತ್ತದೆ. ಇಬ್ಬರಿದ್ದಾಗ 4ಕ್ಕೆ ಇಳಿಸು. 70-200ರ ಎಫ್ 2.8 ಲೆನ್ಸಿನ ಆಸೆ ಬೇಡ. ಒಂದೂವರೆ ಕಿಲೋ ತೂಕ, ಬೇಕೆಂದರೆ ಬೆಂಗಳೂರಿನಲ್ಲಿ ದಿನಬಾಡಿಗೆಗೆ ದೊರೆಯುತ್ತದೆ. ಹಿಂದಿನ ದಿನವೇ ಛತ್ರಕ್ಕೆ ಹೋಗಿ, ನಿಲ್ಲುವ ಜಾಗದಲ್ಲಿ ನಿಂತು ನೋಡು. ಚೀಲ ಹೆಗಲಲ್ಲೇ ಇರಲಿ.

ತಂಗಿಯ ಯಜಮಾನರು ಆ ವರ್ಷದ ದೀಪಾವಳಿಯನ್ನು ಕಾಣಲಿಲ್ಲ. ತಂಗಿ ಎರಡೂ ಚಿತ್ರಗಳಿಗೆ ಸೇರಿಸಿ ಒಂದೇ ಕಟ್ಟು ಹಾಕಿಸಿದ್ದಾಳೆ: ಮೇಲೆ ಮುಖ, ಕೆಳಗೆ ಕೈಗಳು, ನಡುವೆ ಬೆರಳಗಲದ ಬಿಳಿಯ ಪಟ್ಟಿ. ಬಂದವರಿಗೆಲ್ಲ ಅದನ್ನು ತೋರಿಸಿ, ಅಣ್ಣ ತೆಗೆದದ್ದು ಎನ್ನುತ್ತಾಳೆ. ನಾನು ಹೋದಾಗ ಆ ಗೋಡೆಗೆ ಬೆನ್ನು ಮಾಡಿ ಕೂರುತ್ತೇನೆ.