ಕಿಟಕಿಗಳ ಮನೆ ಹಾರ್ಡ್‌ವಿಕ್

ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತ್ಯದಲ್ಲಿ, ಗುಡ್ಡದ ನೆತ್ತಿಯ ಮೇಲೆ ಹಾರ್ಡ್‌ವಿಕ್ ಹಾಲ್ ಎಂಬ ದೊಡ್ಡ ಮನೆಯಿದೆ. ಹ್ಯಾರಿ ಪಾಟರ್ ಸಿನಿಮಾ ನೋಡಿದ ಮಕ್ಕಳಿಗೆ ಇದರ ಗುರುತು ಸಿಕ್ಕೀತು. ಅದರಲ್ಲಿ ಬರುವ ಮಾಲ್ಫಾಯ್ ಮನೆಯ ಹೊರನೋಟಕ್ಕೆ ಮಾದರಿಯಾದದ್ದು ಇದೇ ಮನೆ. ಆದರೆ ಇದರ ನಿಜವಾದ ಕಥೆ ಸಿನಿಮಾಕ್ಕಿಂತ ಸ್ವಾರಸ್ಯವಾಗಿದೆ.

ಅಂಗಳದಲ್ಲಿ ನಿಂತು ತಲೆಯೆತ್ತಿದಾಗ ನನಗೆ ಮೊದಲು ಕಂಡದ್ದು ಗಾಜು. ಎತ್ತ ನೋಡಿದರೂ ಕಿಟಕಿಗಳು! ಗೋಡೆಗಿಂತ ಗಾಜೇ ಹೆಚ್ಚು ಎಂದು ಈ ಮನೆ ಹೆಸರಾಗಿರುವುದು ಸುಮ್ಮನೆ ಅಲ್ಲ. ಆರು ಗೋಪುರಗಳ ತುದಿಯಲ್ಲಿ ಕಲ್ಲಿನಲ್ಲಿ ಕಡೆದ ಎರಡು ಅಕ್ಷರಗಳಿವೆ: ‘ಇ’ ಮತ್ತು ‘ಎಸ್’. ಎಲಿಜಬೆತ್ ಶ್ರೂಸ್‌ಬರಿ ಎಂಬುದರ ಮೊದಲಕ್ಷರಗಳವು. ಜನ ಆಕೆಯನ್ನು ಕರೆಯುವುದು ‘ಹಾರ್ಡ್‌ವಿಕ್‌ನ ಬೆಸ್’ ಎಂದು.

ಬೆಸ್ ಹುಟ್ಟಿದ್ದು ಇದೇ ಊರಿನ ಸಾಧಾರಣ ಜಮೀನುದಾರರ ಮನೆಯಲ್ಲಿ. ಆಕೆ ಕೂಸಾಗಿದ್ದಾಗಲೇ ತಂದೆ ತೀರಿಕೊಂಡ. ಆಕೆಗೆ ನಾಲ್ಕು ಬಾರಿ ಮದುವೆಯಾಯಿತು, ನಾಲ್ವರು ಗಂಡಂದಿರೂ ಆಕೆಗಿಂತ ಮೊದಲೇ ತೀರಿಕೊಂಡರು. ಕೊನೆಯ ಗಂಡ ಶ್ರೂಸ್‌ಬರಿಯ ಅರ್ಲ್ 1590ರಲ್ಲಿ ಸತ್ತಾಗ ಬೆಸ್‌ಗೆ ಅರವತ್ತು ದಾಟಿತ್ತು. ಆ ವರ್ಷವೇ ಈ ಮನೆಯ ಕೆಲಸ ಶುರುವಾಯಿತು. ಪಕ್ಕದಲ್ಲೇ ಆಕೆ ಕಟ್ಟಿಸುತ್ತಿದ್ದ ಇನ್ನೊಂದು ದೊಡ್ಡ ಮನೆ ಇನ್ನೂ ಮುಗಿದಿರಲಿಲ್ಲ! ಅದರ ಪಾಳು ಗೋಡೆಗಳನ್ನು ಈಗಲೂ ನೋಡಬಹುದು. 1597ರಲ್ಲಿ ಬೆಸ್ ಹೊಸ ಮನೆಗೆ ಬಂದಳು.

ಆ ಕಾಲದಲ್ಲಿ ಗಾಜು ಬಲು ದುಬಾರಿ. ದೊಡ್ಡ ಹಾಳೆಗಳು ಸಿಗುತ್ತಿರಲಿಲ್ಲ. ಚಿಕ್ಕ ಚಿಕ್ಕ ತುಂಡುಗಳನ್ನು ಸೀಸದ ಪಟ್ಟಿಗಳಿಂದ ಜೋಡಿಸಿ ಕಿಟಕಿ ಮಾಡಬೇಕಿತ್ತು. ಬೆಸ್‌ಗೆ ತನ್ನದೇ ಗಾಜಿನ ಕಾರ್ಖಾನೆಯಿತ್ತು. ಕಲ್ಲೂ ಆಕೆಯ ನೆಲದ್ದೇ. ಮನೆಯ ವಿನ್ಯಾಸ ರಾಬರ್ಟ್ ಸ್ಮಿತ್‌ಸನ್ ಎಂಬ ಕಲ್ಲುಕೆಲಸದ ನಿಪುಣನದು ಎನ್ನುತ್ತಾರೆ. ಇಷ್ಟು ಕಿಟಕಿ ಇಟ್ಟರೆ ಗೋಡೆ ನಿಲ್ಲುವುದು ಹೇಗೆ? ಅದಕ್ಕೊಂದು ಉಪಾಯವಿದೆ. ಹೊಗೆಗೂಡುಗಳನ್ನು ಹೊರಗೋಡೆಯ ಬದಲು ಒಳಗಿನ ದಪ್ಪ ಗೋಡೆಗಳಲ್ಲಿ ಅಡಗಿಸಿದ್ದಾರೆ. ಹೀಗಾಗಿ ಹೊರಗೋಡೆಯ ಜಾಗವೆಲ್ಲ ಕಿಟಕಿಗೆ ಸಿಕ್ಕಿತು. ಎರಡೂ ಬದಿ ಸರಿಸಮ ಕಾಣಲೆಂದು ಇಟ್ಟ ಕೆಲವು ಕಿಟಕಿಗಳ ಹಿಂದೆ ಕೋಣೆಯೇ ಇಲ್ಲ!

ಮೂರು ಅಂತಸ್ತುಗಳಲ್ಲಿ ಮೇಲೆ ಹೋದಂತೆಲ್ಲ ಕಿಟಕಿಗಳು ಎತ್ತರವಾಗುತ್ತವೆ. ಕೆಳಗೆ ಆಳುಕಾಳುಗಳ ಓಡಾಟ, ನಡುವೆ ಬೆಸ್‌ಳ ವಾಸ, ಮೇಲೆ ಗಣ್ಯರ ದರ್ಬಾರು. ಅಗಲವಾದ ಕಲ್ಲಿನ ಮೆಟ್ಟಿಲುಗಳು ತಿರುತಿರುಗುತ್ತ ಮೇಲೆ ಕರೆದೊಯ್ಯುತ್ತವೆ. ಅಲ್ಲಿ ಸುಮಾರು 50 ಮೀಟರ್ ಉದ್ದದ ಮೊಗಸಾಲೆಯಿದೆ. ಮಳೆ, ಚಳಿ ಇದ್ದಾಗ ಮನೆಯವರು ಅಲ್ಲೇ ಅಡ್ಡಾಡುತ್ತಿದ್ದರಂತೆ.

ಆ ಮೊಗಸಾಲೆಯ ಗೋಡೆ ತುಂಬ ಆರು ಮೀಟರ್ ಎತ್ತರದ ಚಿತ್ರದ ನೇಯ್ಗೆಗಳು ತೂಗುತ್ತವೆ. ಒಟ್ಟು ಹದಿಮೂರು. ಮಡಕೆಗಳೊಳಗೆ ದೀವಟಿಗೆ ಬಚ್ಚಿಟ್ಟು ದೊಡ್ಡ ಸೈನ್ಯವನ್ನು ಬೆದರಿಸಿ ಗೆದ್ದ ಗಿಡಿಯನ್ ಎಂಬ ಬೈಬಲ್ ವೀರನ ಕಥೆ ಅವುಗಳಲ್ಲಿದೆ. ಬೆಸ್ ಇವನ್ನು ಕೊಂಡದ್ದು ಕ್ರಿಸ್ಟಫರ್ ಹ್ಯಾಟನ್ ಎಂಬ ದೊಡ್ಡ ಅಧಿಕಾರಿ ಸತ್ತ ಮೇಲೆ. ಅವುಗಳ ಮೇಲೆ ಹ್ಯಾಟನ್ ಮನೆತನದ ಲಾಂಛನಗಳಿದ್ದವು. ಅವನ್ನು ಬದಲಾಯಿಸುವ ಖರ್ಚೆಂದು ಚೌಕಾಸಿ ಮಾಡಿ ಬೆಸ್ ದರ ಇಳಿಸಿಕೊಂಡಳು. ಆಮೇಲೆ ತನ್ನ ಲಾಂಛನವನ್ನು ಅದರ ಮೇಲೇ ಹಚ್ಚಿಸಿ ಕೆಲಸ ಮುಗಿಸಿದಳು! ಸಂತೆಯಲ್ಲಿ ಚೌಕಾಸಿ ಮಾಡುವ ನಮ್ಮ ಅಜ್ಜಿಯರು ನೆನಪಾಗಿ ನನಗೆ ನಗು ಬಂತು.

ಈ ಅಜ್ಜಿಗೂ ಒಬ್ಬ ಮೊಮ್ಮಗಳಿದ್ದಳು. ಹೆಸರು ಆರ್ಬೆಲ್ಲಾ. ಅವಳ ತಂದೆ ರಾಜವಂಶದವನು. ರಾಣಿ ಒಂದನೇ ಎಲಿಜಬೆತ್‌ಗೆ ಮಕ್ಕಳಿಲ್ಲದ್ದರಿಂದ, ಮುಂದೆ ಆರ್ಬೆಲ್ಲಾ ರಾಣಿಯಾದರೂ ಆಗಬಹುದಿತ್ತು. ತಂದೆ ತಾಯಿ ಇಬ್ಬರೂ ಬೇಗ ತೀರಿಕೊಂಡರು. ಅಜ್ಜಿ ಅವಳನ್ನು ಸಾಕಿದಳು, ಹಲವು ಭಾಷೆಗಳನ್ನು ಕಲಿಸಿದಳು. ಆದರೆ ಯಾರಾದರೂ ಕದ್ದೊಯ್ದು ಮದುವೆ ಮಾಡಿಬಿಟ್ಟಾರೆಂಬ ಭಯ. ಹಾಗಾಗಿ ಹೊರಗೆ ಓಡಾಡಿದರೂ ಕಾವಲು, ರಾತ್ರಿ ಮಲಗುವುದು ಅಜ್ಜಿಯ ಕೋಣೆಯಲ್ಲೇ.

ಸಾವಿರಾರು ಗಾಜಿನ ತುಂಡುಗಳಿಂದ ಹೊರಗಿನ ಬೆಟ್ಟ ಬಯಲು ಕಾಣುತ್ತಿದ್ದರೂ ಅವಳು ಬೇಕೆಂದಾಗ ಬಾಗಿಲು ದಾಟುವಂತಿರಲಿಲ್ಲ. 1603ರಲ್ಲಿ, 27ರ ವಯಸ್ಸಿನಲ್ಲಿ, ಇಲ್ಲಿಂದ ತಪ್ಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಸಿಟ್ಟಿನಿಂದ ಅಜ್ಜಿ ಉಯಿಲಿನಿಂದ ಅವಳ ಹೆಸರನ್ನೇ ತೆಗೆಸಿದಳು. ಸಿಂಹಾಸನ ಒಂದನೇ ಜೇಮ್ಸ್‌ನ ಪಾಲಾಯಿತು. 1610ರಲ್ಲಿ ಆರ್ಬೆಲ್ಲಾ ರಾಜನ ಅಪ್ಪಣೆಯಿಲ್ಲದೆ ಮದುವೆಯಾಗಿ ಸೆರೆಯಾದಳು. ಮರುವರ್ಷ ಗಂಡಸಿನ ವೇಷದಲ್ಲಿ ಹಡಗು ಹತ್ತಿದರೂ ಸಮುದ್ರದಲ್ಲೇ ಸಿಕ್ಕಿಬಿದ್ದಳು. 1615ರಲ್ಲಿ ಲಂಡನ್ ಟವರ್‌ನ ಸೆರೆಯಲ್ಲೇ ತೀರಿಕೊಂಡಳು.

ಮುಂದೆ ಬೆಸ್‌ಳ ವಂಶದವರು, ಡೆವನ್‌ಷೈರ್‌ನ ಡ್ಯೂಕ್‌ಗಳಾಗಿ, ಚಾಟ್ಸ್‌ವರ್ತ್ ಎಂಬ ಇನ್ನೊಂದು ಮನೆಯನ್ನೇ ಹೆಚ್ಚಾಗಿ ನೆಚ್ಚಿಕೊಂಡರು. ಅದರಿಂದ ಹಾರ್ಡ್‌ವಿಕ್‌ಗೆ ಒಂದು ಲಾಭವಾಯಿತು. ಕಾಲಕ್ಕೆ ತಕ್ಕಂತೆ ಕೆಡವಿ ಕಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ. 1959ರಲ್ಲಿ ಇದು ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಸೇರಿತು. ಆ ಹದಿಮೂರು ನೇಯ್ಗೆಗಳನ್ನು ಒಂದೊಂದಾಗಿ ತೊಳೆದು, ಎಳೆ ಎಳೆ ಸರಿಪಡಿಸಲು 24 ವರ್ಷ ಹಿಡಿಯಿತು. ಕೆಲಸ ಮುಗಿದದ್ದು 2023ರಲ್ಲಿ.

ನೀವು ಹೋದರೆ ಒಳಗಿನ ಕೋಣೆಗಳು ಮಬ್ಬಾಗಿವೆಯಲ್ಲ ಎಂದು ಅಚ್ಚರಿಪಡಬೇಡಿ. ಬಿಸಿಲು ತಾಗಿದರೆ ಹಳೆಯ ಬಟ್ಟೆಗಳ ಬಣ್ಣ ಮಾಸುತ್ತದೆ. ಹಾಗಾಗಿ ಕಿಟಕಿಗಳಿಗೆ ಪರದೆ ಎಳೆದಿರುತ್ತಾರೆ. ಬೆಸ್ ಅಷ್ಟು ದುಡ್ಡು ಸುರಿದು ತಂದ ಬೆಳಕನ್ನು ಈಗ ಆಕೆಯ ವಸ್ತುಗಳಿಗಾಗಿಯೇ ತಡೆಯಬೇಕಾಗಿದೆ. ನಾನು ಪರದೆಯ ಅಂಚಿನಿಂದ ಹೊರಗೆ ಇಣುಕಿದೆ. ದೂರದ ಹೊಲಗಳ ನಡುವೆ ರಸ್ತೆ ಕಾಣುತ್ತಿತ್ತು. ಅಲ್ಲಿಗೆ ಇಳಿದು ಹೋಗಲು ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.