ಚಕ್ರಕ್ಕೊಂದು ಕಲ್ಲು

ಕುಬಟೂರಿನ ಕೈಟಭೇಶ್ವರನ ಗುಡಿಗೆ ಹೋಗಿ ಬರುವಾಗ, ಏರಿನಲ್ಲಿ ಕಾರು ನಿಲ್ಲಿಸಿ ಹಣ್ಣು ಕೊಳ್ಳಲು ಇಳಿದಿದ್ದೆ. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ಆದರೂ ಕಾರು ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಒಳಗೆ ಅತ್ತೆಯವರು! ಯಾರೋ ಪುಣ್ಯಾತ್ಮರು ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟರು.

ಕಾರು ಕೊಂಡು ವರ್ಷವೂ ಆಗಿರಲಿಲ್ಲ. ಸರ್ವಿಸ್‌ನವರು, “ಮೇಡಂ, ನೀವು ಗಟ್ಟಿಯಾಗಿ ಎಳೆದಿರಲಿಕ್ಕಿಲ್ಲ” ಎಂದು ನಕ್ಕು, ಕೇಬಲ್ ಬಿಗಿದು ಕಳಿಸಿದರು. ತಿಂಗಳಲ್ಲೇ ಮತ್ತೆ ಅದೇ ಕಥೆ. ಲೆಕ್ಕದ ಹಂತಗಳನ್ನು ಬಿಟ್ಟು ಉತ್ತರವನ್ನಷ್ಟೇ ತಿದ್ದಿದ ಹಾಗಾಗಿತ್ತು.

ಮೂವತ್ತು ವರ್ಷ ಪಾಠ ಹೇಳಿದವಳು ಸುಮ್ಮನಿರುತ್ತೇನೆಯೇ? ಜಾಬ್ ಕಾರ್ಡಿನಲ್ಲಿ ದೂರನ್ನು ಬರೆಸಿದೆ. ಮೇಸ್ತ್ರಿಯನ್ನೇ ಕೂರಿಸಿಕೊಂಡು ಏರಿಗೆ ಹೋಗಿ, ಅವರ ಕೈಯಲ್ಲೇ ಬ್ರೇಕ್ ಎಳೆಸಿದೆ. ಕಾರು ಸರಿಯಿತು, ಅವರ ನಗು ನಿಂತಿತು.

ಹಿಂದಿನ ಚಕ್ರ ಬಿಚ್ಚಿದಾಗ ಗುಟ್ಟು ಬಯಲಾಯಿತು. ಡ್ರಮ್ಮಿನೊಳಗಿನ ಬ್ರೇಕ್ ಶೂಗಳು ಸವೆದಂತೆಲ್ಲ ಅಂತರ ಸರಿಪಡಿಸಬೇಕಾದ ಅಡ್ಜಸ್ಟರ್ ಸಿಕ್ಕಿಕೊಂಡಿತ್ತು. ಮೊದಲು ಅದನ್ನು ಬದಲಿಸಿ, ಶೂ ಹೊಂದಿಸಿ, ಆಮೇಲೆ ಕೇಬಲ್ ಬಿಗಿಯಬೇಕಿತ್ತು. ವಾರಂಟಿ ಇದ್ದುದರಿಂದ ಖರ್ಚಾಗಲಿಲ್ಲ. ಮತ್ತೆ ಏರಿನಲ್ಲಿ ನಿಲ್ಲಿಸಿ ನೋಡಿದ ಮೇಲೆಯೇ ಸಹಿ ಹಾಕಿದೆ.

ಈಗ ಬ್ರೇಕ್ ಭದ್ರವಾಗಿದೆ. ಆದರೂ ಇಳಿಯುವಾಗ ಗೇರಿನಲ್ಲೇ ಬಿಡುತ್ತೇನೆ. ಅತ್ತೆಯವರಂತೂ ಸೀಟಿನ ಕೆಳಗೊಂದು ಕಲ್ಲು ಇಟ್ಟುಕೊಂಡೇ ಕಾರು ಹತ್ತುತ್ತಾರೆ!